ವೀಳ್ಯ ಹಿಡಿದ ಬುವಾ ಸಾಯುವುದಿಲ್ಲ

ಓದಿದವರ ಮನೆಯಲ್ಲಿ ಓದದವನೊಬ್ಬ ಹುಟ್ಟಿದರೆ ಅವನ ಪಾಡು ಕಷ್ಟ ಎಂದು ಜನ ಮರುಗುತ್ತಾರೆ. ಓದದವರ ಮನೆಯಲ್ಲಿ ಓದಿದವನೊಬ್ಬ ಹುಟ್ಟಿದರೆ ಅವನ ಪಾಡೇನು ಎಂದು ಯಾರೂ ಕೇಳುವುದಿಲ್ಲ. ಬನಹಟ್ಟಿಯ ನಮ್ಮ ಓಣಿಯಲ್ಲಿ ಬಿ.ಎ. ಆದ ಮೊದಲಿಗ ನಾನು. ಈ ಮಾತನ್ನು ನಾನು ಸಂಕೋಚದಿಂದ ಹೇಳುತ್ತಿಲ್ಲ. ಸಂಕೋಚವೇನಿದ್ದರೂ ಓದಿದ ಅಪ್ಪನ ಮಕ್ಕಳಿಗೆ. ಆದರೆ ಆ ಎರಡಕ್ಷರ ಹೆಸರಿಗೆ ಅಂಟಿಕೊಂಡ ದಿನದಿಂದ ಓಣಿಯವರ ಟಪಾಲು ಓದುವುದು, ಔಷಧದ ಬಾಟಲಿಯ ಮೇಲೇನಿದೆ ಎಂದು ಹೇಳುವುದು, ಮುಂಬಯಿ ಸರಕಾರ ಹೊಸದಾಗಿ ಏನು ಯೋಚಿಸಿದೆ ಎಂದು ತಿಳಿಸುವುದು, ಎಲ್ಲವೂ ನನ್ನ ಪಾಲಿಗೆ ಬಂತು. ಹೇಳಿದ್ದು ಅವರ ಮನಸ್ಸಿಗೆ ಬಂದರೆ ‘ಓದಿದವ ನೋಡ್ರಿ’ ಎನ್ನುತ್ತಿದ್ದರು. ಬಾರದಿದ್ದರೂ ಅದನ್ನೇ ಎನ್ನುತ್ತಿದ್ದರು, ರಾಗ ಮಾತ್ರ ಬೇರೆ.

ಬಿ.ಎ. ನಾಲ್ಕು ವರ್ಷದ ಓದು. ನನಗೆ ಐದು ವರ್ಷ ಹಿಡಿಯಿತು. ನಡುವೆ ಇಂಟರ್ ಪರೀಕ್ಷೆಯಲ್ಲಿ ಒಂದು ವಿಷಯ ಕೈಕೊಟ್ಟಿತು. ಯಾವ ವಿಷಯ ಎಂದು ಈಗಲೇ ಹೇಳುವ ಉಮೇದು ನನಗಿಲ್ಲ. ಆ ಒಂದು ವರ್ಷ ಈ ಕಥೆಯಲ್ಲಿ ಮುಂದೆ ಬರುತ್ತದೆ ಎಂದಷ್ಟೇ ತಿಳಿದಿರಲಿ.

ಆ ಕಾಲದಲ್ಲಿ ನಮ್ಮ ಕಡೆ ಹಿರೇತೋಟದ ಬುವಾ ಎಂದರೆ ಹಸುಗೂಸೂ ಅಳು ನಿಲ್ಲಿಸುತ್ತಿತ್ತು. ನಾಟಕ ಕಂಪನಿಯ ಗಾಯಕ. ರಾಜನ ಪಾತ್ರವಾಗಲಿ, ರಾಜನನ್ನು ಕೊಲ್ಲುವವನ ಪಾತ್ರವಾಗಲಿ, ಮಾತು ಮುಗಿದೊಡನೆ ಬುವಾ ಹಾಡಬೇಕು. ಜನ ಮತ್ತೆ ಮತ್ತೆ ಹಾಡಿಸಬೇಕು. ಸತ್ತುಬಿದ್ದ ಪಾತ್ರವೂ ಎದ್ದು ಕುಳಿತು ಹಾಡು ಮುಗಿಸಿ ಮತ್ತೆ ಸಾಯಬೇಕು. ನಮ್ಮ ಜನ ಬುವಾನ ಸಾವನ್ನು ಹೀಗೆ ಎಷ್ಟೋ ಸಲ ನೋಡಿದ್ದರು, ಎದ್ದದ್ದನ್ನೂ ನೋಡಿದ್ದರು. ಮುಂದಿನ ರಗಳೆಗೆಲ್ಲ ಇದೂ ಒಂದು ಕಾರಣವಿರಬೇಕು.

ನಾನು ಮ್ಯಾಟ್ರಿಕ್ ಪಾಸಾದ ವರ್ಷ ಕಂಪನಿ ಜಮಖಂಡಿಯಲ್ಲಿ ಬೀಡುಬಿಟ್ಟಿತ್ತು. ಅಪ್ಪ ತಾನೇ ನೇಯ್ದ ಕೆಂಪಂಚಿನ ಶೇಲೆಯೊಂದನ್ನು ಹೆಗಲಮೇಲೆ ಹಾಕಿಕೊಂಡು, ನನ್ನನ್ನೂ ಎಳೆದುಕೊಂಡು, ನಾಟಕ ಶುರುವಾಗುವ ಮುನ್ನ ಪರದೆಯ ಹಿಂದೆ ನುಗ್ಗಿದ. ಬುವಾ ಮುಖಕ್ಕೆ ಬಣ್ಣ ಬಳಿದುಕೊಳ್ಳುತ್ತಿದ್ದರು. ಅಪ್ಪ ಶೇಲೆ ಹೊದಿಸಿ, ಎಲೆ ಅಡಿಕೆ ಕೈಯಲ್ಲಿಟ್ಟು, ಮಗ ಬಿ.ಎ. ಆದ ದಿನ ನಮ್ಮ ಮನೆಗೆ ಬಂದು ಹಾಡಬೇಕೆಂದು ಕೇಳಿಕೊಂಡ. ನಾನಿನ್ನೂ ಕಾಲೇಜಿನ ಮೆಟ್ಟಿಲು ಸಹ ಹತ್ತಿರಲಿಲ್ಲ. ಬುವಾ ಅರ್ಧ ಬಣ್ಣದ ಮುಖದಲ್ಲಿ ನನ್ನನ್ನು ನೋಡಿ ನಕ್ಕು, ಎಲೆಯನ್ನು ಕಣ್ಣಿಗೊತ್ತಿಕೊಂಡು, ಬರುತ್ತೇನೆ ಎಂದರು. ವೀಳ್ಯ ಹಿಡಿದರೆ ಮುಗಿಯಿತು. ನಮ್ಮ ಕಡೆ ಕಲಾವಿದನಿಗೆ ಅದು ಕರಾರುಪತ್ರಕ್ಕಿಂತ ಗಟ್ಟಿ. ಹಿಡಿದವನು ಬಂದು ಹಾಡಬೇಕು, ಇಲ್ಲವೆ ವೀಳ್ಯ ಮರಳಿಸಬೇಕು. ಮೂರನೆಯ ದಾರಿಯಿಲ್ಲ.

ಬುವಾ ಮೂರನೆಯ ದಾರಿ ಹಿಡಿದರು. ನನ್ನ ಐದನೆಯ ವರ್ಷದ ಚಳಿಗಾಲದಲ್ಲಿ ಮಿರಜದ ಕಡೆಯ ಬೀಡಿನಲ್ಲಿ ಜ್ವರ ಬಂದು ತೀರಿಕೊಂಡರು. ಪತ್ರಿಕೆಯಲ್ಲಿ ನಾಲ್ಕು ಸಾಲು ಬಂತು. ರಜೆಯಲ್ಲಿ ಬಂದಿದ್ದ ನಾನೇ ಅದನ್ನು ಓಣಿಯ ಕಟ್ಟೆಯ ಮೇಲೆ ಕುಳಿತು ಓದಿ ಹೇಳಿದೆ. ಜನ ಅಳುತ್ತಾರೆಂದು ಓದುವ ದನಿಯನ್ನು ಸ್ವಲ್ಪ ತಗ್ಗಿಸಿಯೂ ಇದ್ದೆ. ಯಾರೂ ಅಳಲಿಲ್ಲ. ನಮ್ಮ ಪಕ್ಕದ ಮಗ್ಗದ ಗುರುಬಸಪ್ಪ ಪತ್ರಿಕೆಯನ್ನು ಕಸಿದುಕೊಂಡು, ಅಕ್ಷರ ಬಾರದಿದ್ದರೂ ಎರಡೂ ಮಗ್ಗಲು ತಿರುವಿ ನೋಡಿ, ಫೋಟೋದಲ್ಲಿ ಬುವಾ ನಗುತ್ತಿರುವುದನ್ನು ಎಲ್ಲರಿಗೂ ತೋರಿಸಿದ.

“ಸತ್ತಾವ ಹಿಂಗ ನಗತಾನೇನ್ಲೇ?” ಎಂದ.

ಅಲ್ಲಿಂದ ಶುರುವಾಯಿತು. ಬುವಾನಿಗೆ ಇಬ್ಬರು ಹೆಂಡಿರು, ಇಬ್ಬರ ಕಾಟ ತಾಳದೆ ಸತ್ತಂತೆ ಮಾಡಿ ಪಾರಾಗಿದ್ದಾರೆ ಎಂದು ಒಂದು ಪಕ್ಷ. ಒಬ್ಬಳೇ ಹೆಂಡತಿ, ಆದರೂ ಅದೇ ಕಾರಣ ಎಂದು ಮದುವೆಯಾದ ಗಂಡಸರ ಇನ್ನೊಂದು ಪಕ್ಷ. ದನಿ ಒಡೆಯಿತು, ಅಭಿಮಾನಿ ಮನುಷ್ಯ, ಒಡೆದ ದನಿಯಲ್ಲಿ ಹಾಡುವುದಕ್ಕಿಂತ ಸತ್ತೆನೆಂದು ಸಾರುವುದೇ ಮರ್ಯಾದೆ ಎಂದುಕೊಂಡರು ಎಂದು ಮುಧೋಳದಿಂದ ಸುದ್ದಿ ಬಂತು. ಅಷ್ಟರಲ್ಲಿ ರಬಕವಿಯ ಅಂಗಡಿಗೆ ಬುವಾನ ಹೊಸ ಗ್ರಾಮಫೋನ್ ಪ್ಲೇಟು ಬಂತು. ಸತ್ತ ಮೇಲೆ ಹೊಸ ಪ್ಲೇಟು! ಮೊದಲೇ ಹಾಡಿಸಿಟ್ಟು ಆಮೇಲೆ ಮಾರಾಟಕ್ಕೆ ಬಿಡುತ್ತಾರೆ ಎಂದು ನಾನು ಬಿಡಿಸಿ ಹೇಳಿದೆ. ಗುರುಬಸಪ್ಪ ಸಾವಧಾನವಾಗಿ ಕೇಳಿಸಿಕೊಂಡು, ಪ್ಲೇಟಿನ ನಡುವೆ ಬುವಾ ಒಮ್ಮೆ ಕೆಮ್ಮಿದ್ದು ನನ್ನ ಕಿವಿಗೆ ಬಿತ್ತೇ ಎಂದು ಕೇಳಿದ. ಬಿದ್ದಿತ್ತು. ಹಾಗಾದರೆ ಅದು ಈ ವರ್ಷದ ಕೆಮ್ಮು, ಇಡೀ ಮುಧೋಳ ಈಗ ಹಾಗೆಯೇ ಕೆಮ್ಮುತ್ತಿದೆ ಎಂದ. ಅಷ್ಟು ವರ್ಷ ಧಾರವಾಡದಲ್ಲಿ ಓದಿದ ನಾನು ಪ್ಲೇಟನ್ನು ಮತ್ತೊಮ್ಮೆ ಹಾಕಿಸಿ, ಕೆಮ್ಮು ಯಾವ ವರ್ಷದ್ದೆಂದು ಕಿವಿಗೊಟ್ಟು ಕೇಳಿದೆ.

ಓಣಿಯವರ ಮಾತು ಹೋಗಲಿ, ನನ್ನನ್ನು ಕಾಡಿದ್ದು ಅಪ್ಪ. ಅವನಿಗೆ ಹೆಂಡತಿ, ದನಿ, ಕೆಮ್ಮು ಯಾವುದೂ ಬೇಕಿರಲಿಲ್ಲ. ಅವನದು ಒಂದೇ ಮಾತು: ವೀಳ್ಯ ಹಿಡಿದ ಮನುಷ್ಯ ಹಾಡದೆ ಹೇಗೆ ಸಾಯುತ್ತಾನೆ? ಬೇಸಿಗೆಯಲ್ಲಿ ನನ್ನ ಫಲಿತಾಂಶ ಬಂತು. ಜಮಖಂಡಿಯ ಹೈಸ್ಕೂಲಿನಲ್ಲಿ ಮಾಸ್ತರಿಕೆಯೂ ಸಿಕ್ಕಿತು. ಅಪ್ಪ ಮನೆಗೆ ಸುಣ್ಣ ಹೊಡೆಸಿದ, ಪಡಸಾಲೆಯಲ್ಲಿ ಬುವಾ ಕೂಡ್ರುವ ಜಾಗ ಇದು ಎಂದು ಗೋಡೆಗೆ ಒರಗಿಸಿ ಜಮಖಾನೆಯೊಂದನ್ನು ಸುತ್ತಿಟ್ಟ. ಅದನ್ನು ಯಾರಿಗೂ ಹಾಸಿಕೊಡಲಿಲ್ಲ, ನನ್ನನ್ನು ನೋಡಲು ಬಂದ ಹೆಣ್ಣಿನ ಕಡೆಯವರಿಗೂ. ಅವರು ಬರಿ ನೆಲದ ಮೇಲೆ ಕುಳಿತು, ಚಹಾ ಕುಡಿದು, ಹೋದವರು ಮತ್ತೆ ಬರಲಿಲ್ಲ.

ಭಾನುವಾರ ಭಾನುವಾರ ಬನಹಟ್ಟಿಗೆ ಬಂದು ಅಪ್ಪನೊಡನೆ ವಾದಿಸುವುದೇ ನನ್ನ ಕೆಲಸವಾಯಿತು. ಕುಣಿಮಗ್ಗದವರೊಡನೆ ವಾದಿಸಿದವರಿಗೆ ಗೊತ್ತು. ಅವರು ನೆಲದ ತಗ್ಗಿನಲ್ಲಿ ಕಾಲಿಳಿಬಿಟ್ಟು ಕುಳಿತಿರುತ್ತಾರೆ. ನಾವು ಮೇಲೆ ನಿಂತು ಬಗ್ಗಿ ಮಾತಾಡಬೇಕು. ನೋಡಿದವರಿಗೆ ಕಾಲಿಗೆ ಬೀಳುತ್ತಿದ್ದಾನೆ ಎನಿಸುತ್ತದೆ. ಒಳ್ಳೆಯ ಮಾತು ಬಾಯಿಗೆ ಬಂದಾಗಲೇ ಅವರು ಲಾಳಿ ಎಸೆಯುತ್ತಾರೆ. ಖಟಕ್ ಎಂದರೆ ನಮ್ಮ ಅರ್ಧ ಮಾತು ಹೋಯಿತು. ಪತ್ರಿಕೆ ಸುಳ್ಳು ಬರೆಯುವುದಿಲ್ಲ ಎಂದು ನಾನು. ಖಟಕ್. ಸಾವಿಗೆ ವೀಳ್ಯದ ಲೆಕ್ಕವಿಲ್ಲ ಎಂದು ನಾನು. ಖಟಕ್ ಖಟಕ್.

ಹೀಗಿರುವಾಗ ಗುರುಬಸಪ್ಪ ಸೀರೆಯ ಗಂಟು ಹೊತ್ತು ಬೀಳಗಿಯ ಸಂತೆಗೆ ಹೋದವನು ಏದುಸಿರು ಬಿಡುತ್ತ ಬಂದ. ಅಲ್ಲಿ ಗುಡಿಯ ಕಟ್ಟೆಯ ಮೇಲೆ ಗಡ್ಡ ಬಿಟ್ಟ ಮನುಷ್ಯನೊಬ್ಬ ಕೂತಿರುತ್ತಾನೆ, ಯಾರೊಡನೆಯೂ ಮಾತಿಲ್ಲ, ತೊಡೆಯ ಮೇಲೆ ಬೆರಳು ಕುಣಿಸುತ್ತಿರುತ್ತಾನೆ, ಹೆಗಲ ಮೇಲೆ ನಿಮ್ಮದೇ ಕೆಂಪಂಚಿನ ಶೇಲೆ ಎಂದ. ಕೆಂಪಂಚಿನ ಶೇಲೆ ಲೋಕದಲ್ಲಿ ಒಂದೇ ಏನು ಎಂದು ನಾನು ಕೇಳಿದೆ. ಅಪ್ಪ ಲಾಳಿ ಕೆಳಗಿಟ್ಟ. ಆ ಶೇಲೆ ನೇಯುವಾಗ ನನ್ನ ಮ್ಯಾಟ್ರಿಕ್ ಫಲಿತಾಂಶ ಬಂದಿತ್ತಂತೆ. ಖುಷಿಯಲ್ಲಿ ಕೈತಪ್ಪಿ ಅಂಚಿನಲ್ಲಿ ಒಂದು ಎಳೆ ಹೋಗಿತ್ತಂತೆ. ಬಿಚ್ಚಿ ಸರಿಮಾಡುವ ಮನಸ್ಸಾಗದೆ ಹಾಗೆಯೇ ಬಿಟ್ಟನಂತೆ. ಆ ತಪ್ಪು ಇದ್ದರೆ ಅದು ಬುವಾನ ಶೇಲೆ, ಬುವಾ ಅದನ್ನು ಯಾರಿಗೂ ಕೊಡುವವರಲ್ಲ.

ಸರಿ, ನೋಡಿಯೇ ಬಿಡೋಣ ಎಂದೆ. ಸುಳ್ಳನ್ನು ಅದರ ಮನೆಯಲ್ಲಿಯೇ ಹಿಡಿಯುವ ಹುರುಪು ನನಗೆ. ಮುಂದಿನ ಭಾನುವಾರ ಇಬ್ಬರೂ ಸರ್ವಿಸ್ ಮೋಟಾರು ಹತ್ತಿದೆವು. ಜಮಖಂಡಿಯವರೆಗೆ ಅಪ್ಪ ಕಿಟಕಿಯ ಹೊರಗೆ ನೋಡುತ್ತ ಕೂತ. ನಾನು ಮಾತ್ರ ಬುವಾ ಬದುಕಿರಲಾರರು ಎಂಬುದಕ್ಕೆ ಬೆರಳು ಮಡಚಿ ಮಡಚಿ ಕಾರಣ ಹೇಳುತ್ತಲೇ ಇದ್ದೆ. ಜಮಖಂಡಿ ದಾಟಿದ ಮೇಲೆ ಅವನು ಕಿಟಕಿಯ ಕಡೆ ಮುಖಮಾಡಿಕೊಂಡೇ ಹೇಳಿದ:

“ತಮ್ಮಾ, ಬುವಾ ಹ್ವಾದ ಚಳಿಗಾಲದಾಗ ಖರೆನ ಸತ್ತಿದ್ರ, ನೀ ಒಂದ ವರ್ಷ ಮೊದಲ ಪಾಸಾಗಿದ್ರ ಬಂದ ಹಾಡತಿದ್ನಲ್ಲ ಅಂತ ಮಂದಿ ಅಂತಾರ. ಅದಕ ಅಂವಾ ಸತ್ತಿಲ್ಲ.”

ನನ್ನ ಮಡಚಿದ ಬೆರಳುಗಳು ಹಾಗೆಯೇ ಉಳಿದವು. ಫೇಲಾದ ವರ್ಷ ನಾನು ಊರಿಗೆ ಬಂದಾಗ ಅಪ್ಪ ಉಂಡಿಯೇನು ಎಂದಷ್ಟೇ ಕೇಳಿದ್ದ. ಆ ವರ್ಷವನ್ನು ಅವನು ಮರೆತಿದ್ದಾನೆ ಎಂದುಕೊಂಡಿದ್ದೆ. ಅವನು ಅದನ್ನು ಮುಚ್ಚಿಡಲು ಸತ್ತ ಮನುಷ್ಯನೊಬ್ಬನನ್ನು ಅಷ್ಟು ದಿನ ಬದುಕಿಸಿಟ್ಟಿದ್ದ. ನಾನೋ, ಓದಿದ ಮಗ, ವಾರಕ್ಕೊಮ್ಮೆ ಬಂದು ಆ ಮನುಷ್ಯನನ್ನು ಕೊಂದು ಹೋಗುತ್ತಿದ್ದೆ. ಬೀಳಗಿ ಬರುವವರೆಗೆ ನಾನು, ದೇವರನ್ನು ಅಷ್ಟಾಗಿ ನಂಬದವನು, ಕಟ್ಟೆಯ ಮೇಲಿರುವವನು ಬುವಾನೇ ಆಗಿರಲಿ ಎಂದು ಬೇಡಿಕೊಂಡೆ. ಇಬ್ಬರಲ್ಲ, ನಾಲ್ವರು ಹೆಂಡಿರಿಂದ ಬೇಕಾದರೂ ಓಡಿಬಂದಿರಲಿ.

ಕಟ್ಟೆಯ ಮೇಲೆ ಗಡ್ಡದ ಮನುಷ್ಯ ಕೂತಿದ್ದ. ನಾನು ಮುಖ ನೋಡಿದೆ, ಗುರುತು ಹತ್ತಲಿಲ್ಲ. ಅಪ್ಪ ಮುಖ ನೋಡಲೇ ಇಲ್ಲ. ನೇರ ಹೋಗಿ ಶೇಲೆಯ ಅಂಚು ಹಿಡಿದು, ಗೇಣು ಗೇಣು ಸರಿಸುತ್ತ ಬೆರಳಿನಿಂದಲೇ ಹುಡುಕಿದ. ಒಂದು ಕಡೆ ಬೆರಳು ನಿಂತಿತು. “ನಂದ ಐತಿ” ಎಂದ. ಆಮೇಲೆ ತಲೆಯೆತ್ತಿದ. ಬುವಾ ಅಲ್ಲ.

ಗಡ್ಡದವರೇ ಹೆಸರು ಹೇಳಿದರು, ಬುವಾನ ಪೇಟಿ ಬಾರಿಸುತ್ತಿದ್ದ ದತ್ತೋಪಂತರು. ಹಾಡುವವರ ಪಕ್ಕದಲ್ಲಿ ಹಾರ್ಮೋನಿಯಂ ಹಿಡಿದು ಕೂತವರ ಮುಖವನ್ನು ಯಾರು ನೆನಪಿಟ್ಟಿರುತ್ತಾರೆ? ಬುವಾ ಹೋದ ಮೇಲೆ ಕಂಪನಿ ಬಿಟ್ಟು ಬೀಳಗಿಯ ತಂಗಿಯ ಮನೆಗೆ ಬಂದು ಸೇರಿದ್ದರು. ಬುವಾ ಕೊನೆಯ ಜ್ವರದಲ್ಲಿ ಹೊದ್ದಿದ್ದ ಶೇಲೆಯನ್ನು ತಾವೇ ಇಟ್ಟುಕೊಂಡಿದ್ದರು. ಅವರೇ, ಎಷ್ಟೋ ದಿನ ಬಳಸದ ದನಿಯಲ್ಲಿ, ಮಣ್ಣು ಕೊಡುವಾಗ ತಾವೇ ಇದ್ದುದಾಗಿ ಹೇಳಿದರು. ಅಪ್ಪ ಕಟ್ಟೆಯ ಮೇಲೆ ಕುಳಿತ. ಶೇಲೆಯ ಅಂಚು ಅವನ ಕೈಯಲ್ಲಿಯೇ ಇತ್ತು. ವೀಳ್ಯ ಕೊಟ್ಟಿದ್ದೆನ್ರಿ, ಮಗ ಬಿ.ಎ. ಆದ ದಿನ ಹಾಡುವುದಕ್ಕೆ ಎಂದ, ಅಷ್ಟೇ.

ದತ್ತೋಪಂತರು ನನ್ನತ್ತ ತಿರುಗಿ, ಆದೆಯಾ ಎಂದು ಕೇಳಿದರು. ಆದೆ ಎಂದೆ. ನನ್ನ ಜೀವಮಾನದಲ್ಲಿ ಆ ಮಾತನ್ನು ಅಷ್ಟು ಮೆತ್ತಗೆ ಹೇಳಿದ್ದು ಅದೊಂದೇ ಸಲ.

“ವೀಳ್ಯಾ ಬುವಾ ಒಬ್ಬರs ಹಿಡೀತಾರೇನ್ರಿ? ಮ್ಯಾಳಾ ಹಿಡೀತೈತಿ” ಎಂದರು ಪಂತರು. “ಅಮಾಸಿಗೆ ಬರತೇನಿ. ಪೇಟಿ ಅಷ್ಟ ಐತಿ, ನಡೀತೈತೇನು?”

ಅಮಾವಾಸ್ಯೆಗೆ ನಮ್ಮಲ್ಲಿ ಮಗ್ಗ ಹೂಡುವುದಿಲ್ಲ. ಊರೇ ಕಿವುಡಾದಂತೆ ಇರುತ್ತದೆ. ಮಧ್ಯಾಹ್ನ ಪಂತರು ಬಂದರು. ಅಪ್ಪ ಸುತ್ತಿಟ್ಟ ಜಮಖಾನೆ ಹಾಸಿದ. ಪಂತರು ಅದರ ನಡುವೆ ಕೂಡ್ರಲಿಲ್ಲ. ನಡುವೆ ಶೇಲೆ ಮಡಚಿಟ್ಟು, ತಾವು ಎಂದಿನಂತೆ ಅದರ ಎಡಮಗ್ಗಲಿಗೆ ಕುಳಿತು ಪೇಟಿ ತೆರೆದರು. ಬುವಾ ಹಾಡುತ್ತಿದ್ದ ಪದಗಳನ್ನೇ ನುಡಿಸಿದರು. ಆದರೆ ಬುವಾ ದನಿಯೆತ್ತುವ ಜಾಗ ಬಂದಾಗ ಪೇಟಿಯನ್ನು ಬರಿ ಉಸಿರಿನಷ್ಟು ಹಿಡಿದು, ಆ ಜಾಗವನ್ನು ಹಾಗೆಯೇ ಬಿಟ್ಟು ಕಾಯುತ್ತಿದ್ದರು; ಎಷ್ಟು ಕಾಯಬೇಕೋ ಅಷ್ಟು ಕಾದು ಮುಂದೆ ಹೋಗುತ್ತಿದ್ದರು. ಓಣಿಯ ಜನವೆಲ್ಲ ಪಡಸಾಲೆಯಲ್ಲಿತ್ತು. ಆ ಖಾಲಿ ಜಾಗಗಳಲ್ಲಿ ಒಬ್ಬರೂ ಕೆಮ್ಮಲಿಲ್ಲ. ಒಂದು ಕಡೆ, ಬುವಾ ಎಲ್ಲರಿಗೂ ಗೊತ್ತಿದ್ದ ಆ ದೊಡ್ಡ ತಾನ ತೆಗೆಯಬೇಕಾದಲ್ಲಿ, ಅಪ್ಪ ತಲೆ ತೂಗಿ “ಭಲೇ” ಎಂದ. ಶೇಲೆಯ ಕಡೆ ನೋಡಿ ಅಲ್ಲ, ಅದಕ್ಕಿಂತ ಮೂರು ಗೇಣು ಮೇಲೆ, ಕೂತು ಹಾಡುವವರ ಮುಖ ಇರುವಲ್ಲಿ ನೋಡಿ. ಗುರುಬಸಪ್ಪ ಅಳುತ್ತಿದ್ದ. ಪತ್ರಿಕೆ ಓದಿದ ದಿನ ಬರಬೇಕಾಗಿದ್ದ ಅಳು ಆವತ್ತು ಬಂತು.

ಇಲ್ಲಿಗೆ ಎಲ್ಲರೂ ಬುವಾನ ಸಾವನ್ನು ಒಪ್ಪಿಕೊಂಡರು ಎಂದು ನೀವು ತಿಳಿದರೆ ನಮ್ಮ ಊರು ನಿಮಗೆ ಗೊತ್ತಿಲ್ಲ. ಎರಡು ವಾರದಲ್ಲಿ ಸುದ್ದಿ ಮುಧೋಳ, ಬೀಳಗಿ ಸುತ್ತಿ ಜಮಖಂಡಿಗೆ ಬಂತು: ಬುವಾ ಬನಹಟ್ಟಿಯ ನೇಕಾರನೊಬ್ಬನ ಮನೆಯಲ್ಲಿ, ವೀಳ್ಯದ ಮಾತಿಗೆ ಕಟ್ಟುಬಿದ್ದು, ಬಂದು ಹಾಡಿ ಹೋದರು. ಹಬ್ಬಿಸಿದವನು ಗುರುಬಸಪ್ಪ. ಕೇಳಿದರೆ, ನಾನು ಕೇಳಿದ್ದನ್ನು ನಾನು ಹೇಳಿದೆ ಎಂದ. ಒಂದು ದಿನ ಹೈಸ್ಕೂಲಿನ ಮಾಸ್ತರರ ಖೋಲಿಯಲ್ಲಿ ಗಣಿತದ ಕುಲಕರ್ಣಿ ಮಾಸ್ತರರು ಎಲ್ಲರೆದುರಿಗೆ ನನ್ನನ್ನು ಕೇಳಿಯೇಬಿಟ್ಟರು. ಅವರಪ್ಪ, ಅಜ್ಜ ಎಲ್ಲ ಓದಿದವರು. ಸಂಸ್ಥಾನದ ಕಾಲದಿಂದಲೂ ಅವರ ಮನೆಯಲ್ಲಿ ಸುಳ್ಳು ಸುದ್ದಿಗೆ ಜಾಗವಿಲ್ಲ.

“ನಿಮ್ಮ ಮನಿಯಾಗ ಬುವಾ ಹಾಡಿದ್ರಂತಲ್ರೀ, ಖರೆ ಏನು? ನೀವು ಬಿ.ಎ. ಆದವ್ರು, ನೀವಂದ್ರ ನಂಬತೇನಿ.”

ಇಷ್ಟು ವರ್ಷ ಕಷ್ಟಪಟ್ಟು ಪಡೆದ ಪದವಿಗೆ ಅಂಥ ಮರ್ಯಾದೆ ಅದಕ್ಕೆ ಮೊದಲು ಸಿಕ್ಕಿರಲಿಲ್ಲ. ಪತ್ರಿಕೆ, ಜ್ವರ, ಮಣ್ಣು, ಪಂತರು, ಎಲ್ಲವೂ ನಾಲಿಗೆಯ ತುದಿಗೆ ಬಂದವು. ಜೊತೆಗೆ ಕಿಟಕಿಯ ಕಡೆ ಮುಖಮಾಡಿ ಕೂತ ಅಪ್ಪನೂ ಬಂದ.

“ಖರೆರಿ” ಎಂದೆ. “ಛಲೋ ಹಾಡಿದ್ರು.”

ಅಂದಿನಿಂದ ಹಿರೇತೋಟದ ಬುವಾ ನಮ್ಮ ಕಡೆ ಅಧಿಕೃತವಾಗಿ ಬದುಕಿದ್ದಾರೆ. ಯಾರಾದರೂ ಅನುಮಾನಪಟ್ಟರೆ, ಬನಹಟ್ಟಿಯ ಒಬ್ಬ ಬಿ.ಎ. ಕಣ್ಣಾರೆ ನೋಡಿದ್ದಾನೆ ಎಂದು ಬಾಯಿ ಮುಚ್ಚಿಸುತ್ತಾರೆ. ಇನ್ನು ಇಂಟರ್‌ನಲ್ಲಿ ನಾನು ಫೇಲಾದ ವಿಷಯ ಯಾವುದೆಂದು ನೀವು ಕೇಳುವ ಮೊದಲು ನಾನೇ ಹೇಳಿಬಿಡುತ್ತೇನೆ: ತರ್ಕಶಾಸ್ತ್ರ.