ಮಂಜುಗಡ್ಡೆಯ ಬಾಗಿಲು ಕಾಯ್ದವನ ಅಹವಾಲು

ಯುಗಯುಗಗಳಿಂದ ಒಂದೇ ಕಡೆ ನಿಂತಿರುವ ಬೆಟ್ಟದೊಡೆಯ ಶ್ರೀನಿವಾಸನಿಗೆ ಮೊದಲ ನಮಸ್ಕಾರ. ‘ಬರೀ ನಿಂತ್ಕೊಂಡಿರ್ತೀಯಲ್ಲ, ಇದೂ ಒಂದು ಕೆಲಸಾನಾ?’ ಎಂದು ಅವನನ್ನು ಯಾರೂ ಕೇಳಿದ್ದಿಲ್ಲ. ನನ್ನನ್ನು ಕೇಳದವರಿಲ್ಲ.

ನಾನು ಹದಿನಾಲ್ಕು ವರ್ಷ ಐಸ್ ಹಾಕಿಯಲ್ಲಿ ಗೋಲ್‌ಕೀಪರ್ ಆಗಿದ್ದು ಈಗ ನಿವೃತ್ತನಾದವನು. ವರ್ಷದಲ್ಲಿ ಎಂಟು ತಿಂಗಳು ಚಳಿದೇಶದ ಒಂದು ಸಣ್ಣ ಕ್ಲಬ್ಬಿಗೆ ಸಂಬಳಕ್ಕೆ ಆಡುವುದು, ಮಿಕ್ಕ ನಾಲ್ಕು ತಿಂಗಳು ಸಿಂಗಪುರಕ್ಕೆ ಬಂದು ವುಡ್‌ಲ್ಯಾಂಡ್ಸ್ ಫ್ಲಾಟಿನಲ್ಲಿ ಅಮ್ಮನ ಜೊತೆ ಇದ್ದು ಇಲ್ಲಿನ ತಂಡಕ್ಕೆ ಆಡುವುದು. ಪಕ್ ಎಂಬ ಗಟ್ಟಿ ರಬ್ಬರ್ ಬಿಲ್ಲೆ ಕಾರಿನ ವೇಗದಲ್ಲಿ ಬರುತ್ತದೆ; ಅದಕ್ಕೆ ಮೈಯೊಡ್ಡುವುದೇ ಕಸುಬು. ಅಮ್ಮನ ಬಾಯಲ್ಲಿ ಒಂದೇ ಒಂದು ಸಲ ‘ಒಳ್ಳೆ ಕೆಲಸ ಮಾಡ್ದೆ ಕಣೋ’ ಅಂತ ಬರಲಿ ಎಂಬುದು ನನ್ನ ಆಸೆ. ಅದಾಗದಂತೆ ನೋಡಿಕೊಳ್ಳಲು ಲೋಕವೇ ಟೊಂಕ ಕಟ್ಟಿ ನಿಂತಿತ್ತು. ಇಂಥವು ನನಗೆ ಆಗುತ್ತಲೇ ಇರುತ್ತವೆ. ಸಿಟ್ಟು ಮಾಡಬಾರದು ಅಂತ ದಿನಾ ಪ್ರಾರ್ಥಿಸುತ್ತೇನೆ. ಇವತ್ತು ಪ್ರಾರ್ಥನೆಗೆ ಮುಂಚೆಯೇ ಬರೆಯಲು ಕೂತಿದ್ದೇನೆ.

ಕೂರುವ ಪೋಸ್ಟು

ಕ್ಲೆಮೆಂಟಿ ಬಡಾವಣೆಯ ಒಬ್ಬರ ಮನೆಯಲ್ಲಿ ಶನಿವಾರದ ಭಜನೆ. ಮಂಗಳಾರತಿ ಮುಗಿದು ಪ್ರಸಾದದ ತಟ್ಟೆ ಹಿಡಿದಾಗ, ರಾಫೆಲ್ಸ್ ಪ್ಲೇಸಿನ ಬ್ಯಾಂಕಿನಲ್ಲಿರುವ ಅಂಕಲ್ ಒಬ್ಬರು ಅಮ್ಮನ ಎದುರಿಗೇ ಶುರುಮಾಡಿದರು.

“ಏನ್ ಮಾಡ್ಕೊಂಡಿದೀಯಪ್ಪಾ?”

“ಐಸ್ ಹಾಕಿ ಅಂಕಲ್. ಗೋಲ್‌ಕೀಪರ್.”

“ಅದು ವೀಕೆಂಡಿಗಾಯ್ತು. ವರ್ಕ್ ಏನು?”

“ಅದೇ ವರ್ಕ್.”

ಅಂಕಲ್ ಇನ್ನೊಂದು ಚಮಚ ಸಜ್ಜಿಗೆ ಬಾಯಿಗಿಟ್ಟರು. “ಒಬ್ಬನೇ ನಿಂತಿರ್ಬೇಕಾ? ರಿಲೀವರ್ ಇಲ್ವಾ?”

“ಇನ್ನೊಬ್ಬ ಇರ್ತಾನೆ. ಬೆಂಚ್ ಮೇಲೆ ಕೂತಿರ್ತಾನೆ. ನಂಗೆ ಪೆಟ್ಟಾದ್ರೆ ಮಾತ್ರ ಬರ್ತಾನೆ.”

“ಅವನಿಗೂ ಸಂಬಳ ಇದ್ಯಾ?”

“ಇದೆ.”

ಅಂಕಲ್ ನನ್ನ ಕಡೆ ನೋಡಲೇ ಇಲ್ಲ, ಅಮ್ಮನ ಕಡೆ ತಿರುಗಿದರು. “ನೋಡಿಮ್ಮಾ, ಇವನಿಗೆ ಆ ಕೂರೋ ಪೋಸ್ಟಿಗೆ ಟ್ರೈ ಮಾಡಕ್ಕೆ ಹೇಳಿ.”

ಅಮ್ಮ ಒಂದು ತಿಂಗಳು ಹೇಳಿದಳು.

ಧೂಪ

ಗೋಲ್‌ಕೀಪರನ ಸಾಮಾನು ಬೆವರು ಕುಡಿದು ಕುಡಿದು ನಾರುತ್ತದೆ. ಇದರಲ್ಲಿ ನನ್ನ ಪಾಪವೇನಿಲ್ಲ. ಕಾಲಿನ ಪ್ಯಾಡುಗಳನ್ನು ಮನೆ ಮುಂದಿನ ಕಾರಿಡಾರಿನಲ್ಲಿ ಒಣಗಲು ಇಟ್ಟಿದ್ದೆ. ಪಕ್ಕದ ಮನೆಯ ಚೀನೀ ಆಂಟಿ ಮೂಗು ಮುಚ್ಚಿಕೊಂಡೇ ಬಾಗಿಲು ತಟ್ಟಿದರು. “ಒಳಗೆ ಏನೋ ಸತ್ತಿದೆ, ಟೌನ್ ಕೌನ್ಸಿಲ್‌ಗೆ ಫೋನ್ ಮಾಡ್ಲಾ?”

ಅವಮಾನ ತಡೆಯದೆ ಅಮ್ಮ ಎರಡು ಪ್ಯಾಡಿನೊಳಗೂ ಅರ್ಧ ಗಂಟೆ ಸಾಂಬ್ರಾಣಿ ಹೊಗೆ ಹಾಕಿದಳು. ಮರುದಿನ ಪಂದ್ಯದಲ್ಲಿ, ನನ್ನ ಮೇಲೆ ನುಗ್ಗಿ ಬಂದ ಎದುರಾಳಿ ಹುಡುಗ ಗೋಲಿನ ಹತ್ತಿರ ಸರ್ರನೆ ನಿಂತುಬಿಟ್ಟ. ತಮಿಳು ಮನೆಯವನು. ಮೂಗರಳಿಸಿ, ದನಿ ತಗ್ಗಿಸಿ ಕೇಳಿದ: “ಬ್ರೋ, ಇಲ್ಲಿ ಶೂ ಬಿಚ್ಚಬೇಕಾ?”

ಗಾಯದ ಸ್ವರೂಪ

ಪಂದ್ಯಕ್ಕೆ ಮುಂಚೆ ನಾನು ಗೋಲಿನ ಎರಡು ಕಂಬ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇನೆ. ಗೋಲಿನ ಗೆರೆ ತುಳಿಯುವುದಿಲ್ಲ, ದಾಟುತ್ತೇನೆ. ಹೊಸಿಲು ಎಲ್ಲಿದ್ದರೂ ಹೊಸಿಲೇ. ಹಣೆಗೆ ಅರ್ಚನೆಯ ಕುಂಕುಮ, ಅದರ ಮೇಲೆ ಮುಖವಾಡ.

ಒಂದು ಪಂದ್ಯದಲ್ಲಿ ಬೆವರು ಹೆಚ್ಚಾಗಿ ಕುಂಕುಮ ಕರಗಿ ಮೂಗಿನ ಮೇಲೆ ಇಳಿಯಿತು. ರೆಫರಿ ಸೀಟಿ ಊದಿದರು. ರಕ್ತ ಬಂದವರು ಮೈದಾನ ಬಿಡಬೇಕು, ಅದು ನಿಯಮ.

“ಸರ್, ಇದು ರಕ್ತ ಅಲ್ಲ, ಪ್ರಸಾದ.”

“ಎಲ್ಲಾ ಗೋಲ್‌ಕೀಪರ್‌ಗಳೂ ಹಾಗೇ ಹೇಳ್ತಾರೆ. ಹೊರಗೆ.”

ಪ್ರಥಮ ಚಿಕಿತ್ಸೆಯ ಹೆಂಗಸು ಹತ್ತಿಯಲ್ಲಿ ಒರೆಸಿದಳು, ಗಾಯ ಹುಡುಕಿದಳು, ಸಿಗಲಿಲ್ಲ. ಒರೆಸಿದಷ್ಟೂ ಕೆಂಪು ಬರುತ್ತಲೇ ಇತ್ತು. ಅಮ್ಮ ತನ್ನ ಕೈಯಾರೆ ಧಾರಾಳವಾಗಿ ಇಟ್ಟಿದ್ದಳು. ಅಷ್ಟರಲ್ಲಿ ಬೆಂಚಿನವನು ಇಳಿದು ಮೂರು ಗೋಲು ಬಿಟ್ಟ. ನಾನು ಕುದಿಯುತ್ತಾ ಕೂತಿದ್ದೆ. ಕೊನೆಗೆ ಆ ಚಿಕಿತ್ಸೆಯ ಹೆಂಗಸು ನನ್ನ ಹಣೆಯನ್ನೂ ಮುಂದಿದ್ದ ಫಾರಮ್ಮನ್ನೂ ನೋಡಿ ಯೋಚಿಸಿ ತುಂಬಿಸಿದಳು. ಗಾಯದ ಸ್ವರೂಪ: ಧಾರ್ಮಿಕ.

ದೀಪ ಹತ್ತಿದ್ದು

ನನ್ನ ಕೊನೆಯ ಪಂದ್ಯ ಇಲ್ಲೇ, ಸಿಂಗಪುರದಲ್ಲಿ. ಅಮ್ಮ ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಬಂದಳು, ಜೊತೆಗೆ ಬಸ್ ಮಾಡಿಕೊಂಡು ಇಡೀ ಭಜನಾ ಮಂಡಳಿ. ಕಾಟನ್ ಸೀರೆ, ಚಪ್ಪಲಿ. ಒಬ್ಬ ಆಂಟಿ ರಿಂಕಿನ, ಅಂದರೆ ಮಂಜುಗಡ್ಡೆ ಅಂಗಳದ, ಸಿಬ್ಬಂದಿಯ ಹತ್ತಿರ ಹೋಗಿ “ಸ್ವಲ್ಪ ಏಸಿ ಕಮ್ಮಿ ಮಾಡಿ” ಎಂದರಂತೆ.

ಎದುರಾಳಿಗಳು ಬೇರೆ ದೇಶದವರು, ನಮಗಿಂತ ಎರಡರಷ್ಟು ದಪ್ಪ. ಗೋಲಾದರೆ ಗೋಲಿನ ಹಿಂದೆ ಕೆಂಪು ದೀಪ ಹತ್ತುತ್ತದೆ. ಮೊದಲ ಗೋಲು ಬಿಟ್ಟೆ. ನನ್ನ ತಲೆಯ ಹಿಂದೆ ದೀಪ ಝಗ್ಗೆಂದಿತು. ತಲೆ ತಗ್ಗಿಸಿ ನಿಂತಿದ್ದೇನೆ, ನಮ್ಮವರೆಲ್ಲ ಎದ್ದು ನಿಂತು ಚಪ್ಪಾಳೆ. ಮುಂದಿನ ಸಾಲಿನವರು ಕೈಮುಗಿದರು. ಕೂರೋ ಪೋಸ್ಟಿನ ಅಂಕಲ್ ಎಲ್ಲರಿಗೂ ವಿವರಿಸುತ್ತಿದ್ದುದು ಅಂಗಳದ ಸುತ್ತಲಿನ ಗಾಜಿನಾಚೆಗೂ ಕೇಳಿಸಿತು. “ನೋಡಿ, ನಮ್ಮ ಹುಡುಗನ ಕಡೆ ದೀಪ ಹತ್ತಿತು.”

ನಾಲ್ಕು ಸಲ ಹತ್ತಿತು. ನಾಲ್ಕನೆಯದಕ್ಕೆ ಜಯಘೋಷವೂ ಆಯಿತು. ಎದುರಿನ ಗೋಲಿನ ದೀಪ ಒಮ್ಮೆಯೂ ಹತ್ತಲಿಲ್ಲ. “ಪಾಪ, ಅವರಿಗೊಂದೂ ಇಲ್ಲ” ಎಂದು ಮರುಗಿದರು. ಪಂದ್ಯ ಮುಗಿದ ಮೇಲೆ ಅಂಕಲ್ ನನ್ನ ಕೈ ಕುಲುಕಿದರು. “ಫೋರ್ ನಿಲ್. ಸೂಪರ್.” ನಾನು ಹಲ್ಲು ಕಚ್ಚಿ ಮನಸ್ಸಿನಲ್ಲೇ ದೇವರನ್ನು ಕರೆದೆ.

ಅಮ್ಮ ಕೊನೆಯಲ್ಲಿ ಬಂದಳು. ಸೀರೆಯ ಮೇಲೆ ನನ್ನ ಜಾಕೆಟ್, ಕೈಯಲ್ಲಿ ಜಪಮಾಲೆ.

“ಅವ್ರು ನಾಲ್ಕು ಹೊಡೆದ್ರು, ನೀವು ಸೋತ್ರಿ. ನಂಗೆ ಗೊತ್ತಾಯ್ತು” ಎಂದಳು. ನನ್ನ ಕಣ್ಣು ತುಂಬಿತು. ಅಷ್ಟು ಜನರಲ್ಲಿ ಒಬ್ಬಳಿಗಾದರೂ ಆಟ ಅರ್ಥವಾಗಿತ್ತು.

“ಐವತ್ತೆರಡು ಸಲ ಆ ಬಿಲ್ಲೆ ಒಳಗೆ ಹೋಗದೆ ನಿಂತಿತು. ಮಣಿ ಎಣಿಸಿದೀನಿ. ಅವ್ರು ಹೊಡೆದಾಗೆಲ್ಲ ಒಂದೊಂದು ರಾಮನಾಮ.”

“ಆ ನಾಲ್ಕು ನನ್ನ ತಪ್ಪಮ್ಮ.”

“ನಿಂದೆಲ್ಲಿ ತಪ್ಪು? ಪಕ್ಕದಲ್ಲಿದ್ದೋರು ಶಾಲು ಇದ್ಯಾ, ಶಾಲು ಇದ್ಯಾ ಅಂತ ನಾಲ್ಕು ಸಲ ಮಾತಾಡ್ಸಿದ್ರು. ನಾಮ ತಪ್ಪಿಹೋಯ್ತು.”

ನನಗೆ ಮೆಲ್ಲಗೆ ಅನುಮಾನ ಬಂತು. “ಹಾಗಾದ್ರೆ ಆ ಐವತ್ತೆರಡು ನಿಲ್ಸಿದ್ದು ಯಾರು?”

“ಇನ್ಯಾರು, ರಾಮ.” ಅಮ್ಮ ನನ್ನ ಬೆನ್ನು ಸವರಿದಳು. “ನೀನು ಅವನಿಗೆ ಅಡ್ಡ ಬರ್ಲಿಲ್ಲ. ಒಳ್ಳೆ ಕೆಲಸ ಮಾಡ್ದೆ ಕಣೋ.”

ಹದಿನಾಲ್ಕು ವರ್ಷ ಅಡ್ಡ ಬಂದೇ ಅನ್ನ ತಿಂದವನು ನಾನು. ರಾಮನ ಮೇಲೆ ದೂರು ಕೊಡಲು ಯಾವ ರೆಫರಿಯೂ ಇಲ್ಲ, ಕೈಮುಗಿದೆ.

ಇಷ್ಟು ಹೊತ್ತು ಕಿವಿಗೊಟ್ಟ ನಿಮಗೆಲ್ಲ ಆ ಸ್ವಾಮಿ ಒಳ್ಳೆಯದು ಮಾಡಲಿ. ನಿಮ್ಮ ಮೇಲೆ ಬರುವುದನ್ನೆಲ್ಲ ಅವನೇ ತಡೆಯಲಿ, ಹೆಸರು ಮಾತ್ರ ನಿಮಗೆ ಬರಲಿ.