ತಮ್ಮ ಉಜ್ಜುಗೊರಡು ನಮ್ಮ ಹಲಸಿನ ಹಲಗೆಗೆ ಮಾಡಿದ ಉಪಕಾರದ ಕುರಿತು

ಮಾನ್ಯರೇ,

ಉಜ್ಜುಗೊರಡು ತಯಾರಿಸುವ ಕಂಪನಿಯ ದೂರು ವಿಭಾಗಕ್ಕೆ ಮುಖ್ಯಸ್ಥರಾದ ತಮಗೂ, ತಮ್ಮ ಕೈಕೆಳಗಿನ ಸಮಸ್ತರಿಗೂ, ಈ ಪತ್ರವನ್ನು ಇಟ್ಟುಕೊಂಡು ಓದುವ ಮೇಜು ಮರದ್ದಾಗಿದ್ದರೆ ಆ ಮೇಜಿಗೂ, ಹಲಸೂರಿನ ಪಕ್ಕದ ಮರ್ಫಿ ಟೌನಿನಿಂದ ಬಡಗಿ ಸುಗತ ಮಾಡುವ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ನಾವು ಅಷ್ಟು ಕ್ಷೇಮವಾಗಿಲ್ಲ, ಮತ್ತು ಅದಕ್ಕೆ ತಾವೇ ಕಾರಣ. ಗುಟ್ಟಾಗಿ ಬರೆದರೆ ‘ತಮ್ಮ ದೂರು ನಮಗೆ ಅಮೂಲ್ಯ’ ಎಂಬ ಮೆಸೇಜೊಂದು ಬಂದು ಎಲ್ಲವೂ ಮುಗಿದುಹೋಗುತ್ತದೆಂದು ಬಲ್ಲವರು ಹೇಳಿದ್ದರಿಂದ, ನಾಲ್ಕು ಜನರ ಎದುರಿಗೇ ಬರೆಯುತ್ತಿದ್ದೇನೆ. ಮನ್ನಿಸಬೇಕು.

ನಾನೂ ಶಿವಾಜಿನಗರದ ಕಲೀಮುಲ್ಲಾನೂ ಸೇರಿ ಇಲ್ಲಿ ಒಂದು ಮರಗೆಲಸದ ಅಂಗಡಿ ನಡೆಸುತ್ತಿದ್ದೇವೆ. ಕಲೀಮುಲ್ಲಾ ಒಳ್ಳೆಯ ಕೆಲಸಗಾರ. ಆದರೆ ಮಾತಿನ ಒತ್ತಾಸೆಯಿಲ್ಲದೆ ಒಂದು ಮೊಳೆಯನ್ನೂ ಹೊಡೆಯಲಾರ. ನಮ್ಮಲ್ಲಿದ್ದ ಹಳೆಯ ಉಜ್ಜುಗೊರಡು ನೇರ ಎಳೆಯ ಮರದ ಮೇಲೆ ಸಭ್ಯವಾಗಿ ಓಡಾಡುತ್ತಿದ್ದು, ಗಂಟು ಕಂಡ ಕೂಡಲೇ ಬೀದಿನಾಯಿ ಸ್ಕೂಟರನ್ನು ಕಂಡಂತೆ ಎರಗಿ ಕಚ್ಚಿ ಎಳೆಯುತ್ತಿತ್ತು. ಹೀಗಿರುವಾಗ ತಮ್ಮ ಜಾಹೀರಾತನ್ನು ಮೊಬೈಲಿನಲ್ಲಿ ನೋಡುವ ದುರದೃಷ್ಟ ನಮ್ಮದಾಯಿತು. ಅದರಲ್ಲಿ ಯಾರೋ ಮಹಾನುಭಾವರು ಉಜ್ಜುಗೊರಡನ್ನು ಒಮ್ಮೆ ತಳ್ಳುತ್ತಾರೆ, ಮರದ ಸಿಪ್ಪೆ ರೇಷ್ಮೆಯ ರಿಬ್ಬನ್ನಿನಂತೆ ಮೇಲೆದ್ದು ಗಾಳಿಯಲ್ಲಿ ಸುರುಳಿ ಸುತ್ತಿಕೊಂಡು ಮಲಗುತ್ತದೆ. ನಾವಿಬ್ಬರೂ ಅದನ್ನು ಊಟದ ಹೊತ್ತಿನಲ್ಲಿ, ಗಿರಾಕಿಗಳು ಕಾಯುವ ಹೊತ್ತಿನಲ್ಲಿ, ಕೊನೆಗೆ ಅಂಟು ಒಣಗುವ ನೆಪದಲ್ಲಿ ಎಷ್ಟು ಸಲ ನೋಡಿದೆವೆಂದರೆ, ಆ ಮಹಾನುಭಾವರ ಹೆಬ್ಬೆರಳಿನ ಮಚ್ಚೆಯೂ ನಮಗೆ ಪರಿಚಿತವಾಯಿತು.

ಆರ್ಡರು ಮಾಡಿದ ಮೇಲೆ ಅಂಗಡಿಗೆ ಮದುವೆ ಮನೆಯ ಕಳೆ ಬಂತು. ಉಜ್ಜುಗೊರಡನ್ನು ರಂದಾ ಎಂದೇ ಕರೆಯುವ ಕಲೀಮುಲ್ಲಾ, ಉಳಿಗಳನ್ನೆಲ್ಲ ಪಕ್ಕಕ್ಕೆ ಸರಿಸಿ, ಸೋಫಾ ಕೆಲಸದಲ್ಲಿ ಉಳಿದಿದ್ದ ಹಸಿರು ಮಖಮಲ್ಲನ್ನು ಕಪಾಟಿನಲ್ಲಿ ಹಾಸಿ ಅದಕ್ಕೊಂದು ಪೀಠ ಸಿದ್ಧಪಡಿಸಿದ. ಅಷ್ಟರಲ್ಲಿ ಪಾರ್ಸೆಲ್ ಕೆ.ಆರ್. ಪುರಕ್ಕೆ ಬಂದಿದೆಯೆಂದು ಮೆಸೇಜು ಬಂತು. ಮರುದಿನ ಅದು ಯಾವ ಕಾರಣಕ್ಕೋ ಕಮ್ಮನಹಳ್ಳಿಯಲ್ಲಿತ್ತು. ಅಲ್ಲಿಂದ ಬೆನ್ಸನ್ ಟೌನಿಗೆ ಹೋಗಿ, ಯಾರದೋ ಗೇಟಿನ ಮುಂದೆ ನಿಂತು, ‘ಗ್ರಾಹಕರು ಮನೆಯಲ್ಲಿಲ್ಲ’ ಎಂದು ನಮ್ಮ ಮೇಲೆಯೇ ದೂರು ಹೇಳಿ, ಮತ್ತೆ ಕೆ.ಆರ್. ಪುರಕ್ಕೆ ತವರಿಗೆ ಹೋದಂತೆ ಹೋಯಿತು. “ಏನ್ ಗುರು, ನಮ್ ರಂದಾ ಹನಿಮೂನಿಗೆ ಹೋಗ್ಬಿಟ್ಟೈತಾ?” ಎಂದು ಕಲೀಮುಲ್ಲಾ ನನ್ನನ್ನು ಕೇಳಿದ. ಕಾಲಿಲ್ಲದ ಒಂದು ಕಬ್ಬಿಣದ ಸಾಮಾನು ಇಡೀ ಪೂರ್ವ ಬೆಂಗಳೂರನ್ನು ನಮ್ಮ ಟ್ರಾಫಿಕ್ಕಿನಲ್ಲಿ ಹೀಗೆ ನಿರಾಯಾಸವಾಗಿ ಸುತ್ತುವಂತೆ ಮಾಡಿದ ಕೊರಿಯರಿನವರ ಸಾಮರ್ಥ್ಯಕ್ಕೆ ನಾವು ತಲೆಬಾಗುತ್ತೇವೆ.

ಕೊನೆಗೆ ಅದು ಬಂದಾಗ ಕಲೀಮುಲ್ಲಾ ಶುಕ್ರವಾರದ ಬಿಳಿ ಜುಬ್ಬಾದಲ್ಲಿದ್ದ, ಆವತ್ತು ಶುಕ್ರವಾರವಾಗಿರಲಿಲ್ಲ. ಪೆಟ್ಟಿಗೆ ಬಿಚ್ಚಿದೊಡನೆ ಎಣ್ಣೆಕಾಗದದ ವಾಸನೆ ಅಂಗಡಿಯಲ್ಲೆಲ್ಲ ಹರಡಿತು. ಎತ್ತಿಕೊಂಡರೆ ಹುಟ್ಟಿದ ಮಗುವಿನಷ್ಟು ಭಾರ, ಅಂಗೈಗೆ ತಣ್ಣಗೆ ಕಬ್ಬಿಣ, ಹಿಂದೆ ಬೀಟೆ ಮರದ ಹಿಡಿ. ಯಾರು ಮೊದಲು ತಳ್ಳಬೇಕೆಂಬ ವಿಷಯದಲ್ಲಿ “ನೀನು ತಳ್ಳು”, “ನಕ್ಕೋ, ನಕ್ಕೋ, ನೀನೇ ತಳ್ಳು” ಎಂದು ಲಖನೌದ ನವಾಬರಂತೆ ಉಪಚಾರ ಮಾಡಿಕೊಂಡು, ಒಳಗೊಳಗೇ ಇಬ್ಬರೂ ಹಿಡಿಯನ್ನು ಬಿಡದೆ, ಅಂತೂ ಮೇಜಿನ ಮೇಲಿದ್ದ ಹಲಸಿನ ಹಲಗೆಯೊಂದರ ಮೇಲೆ ನಾನು ತಳ್ಳಿದೆ. ಮಾನ್ಯರೇ, ತಮ್ಮ ಉಜ್ಜುಗೊರಡು ಒಂದಿಂಚು ಹೋಗಿ, ಸಂತೆಯಲ್ಲಿ ಹಟ ಹಿಡಿದ ಕತ್ತೆಯಂತೆ ನಿಂತುಬಿಟ್ಟಿತು. ಆ ಕ್ಷಣದಲ್ಲಿ ಕಲೀಮುಲ್ಲಾನ ಮುಖ ನೋಡಿದ್ದರೆ ತಾವು ಕಂಪನಿಯನ್ನು ಮುಚ್ಚಿ ಬೇರೆ ವ್ಯಾಪಾರ ಹುಡುಕಿಕೊಳ್ಳುತ್ತಿದ್ದಿರಿ.

ಅಲಗನ್ನು ಬಿಚ್ಚಿ, ಸಾಣೆಕಲ್ಲಿನ ಮೇಲೆ ತೀಡಿ, ತಿರುಪನ್ನು ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸಿ ಮತ್ತೆ ತಳ್ಳಿದಾಗ ಏನಾಯಿತೋ ಅದೇ ನನ್ನ ದೂರಿನ ಮೂಲ. ಸೊರ್ರ್ ಎಂಬ ಸದ್ದು ಬಂತು. ಹಲಗೆಯ ಈ ತುದಿಯಿಂದ ಆ ತುದಿಯವರೆಗೆ ತುಂಡಾಗದ ಒಂದೇ ಸಿಪ್ಪೆ, ಹಲಸಿನ ಹಳದಿ ಬಣ್ಣದ್ದು, ನನ್ನ ಮಣಿಕಟ್ಟಿನ ಮೇಲೆ ಬಳೆಯಂತೆ ಸುತ್ತಿಕೊಂಡಿತು. ಕಲೀಮುಲ್ಲಾ ಅದನ್ನು ಬಿಡಿಸಿ ಕಣ್ಣಿಗೆ ಹಿಡಿದುಕೊಂಡು ಬಾಗಿಲಿಗೆ ಹೋದ. ಅದರ ಮೂಲಕ ಎದುರಿನ ಬೀದಿಯೂ, ಇಸ್ತ್ರಿ ಗಾಡಿಯೂ, ಬಟ್ಟೆ ಒಣಹಾಕಿದ ತಂತಿಯೂ ಜೇನುತುಪ್ಪದಲ್ಲಿ ಅದ್ದಿದಂತೆ ಕಾಣುತ್ತಿದ್ದವಂತೆ. ಅವನ ಬಾಯಿಂದ ಮಾತು ಹೊರಡಲಿಲ್ಲ. ಇಷ್ಟು ವರ್ಷಗಳಲ್ಲಿ ಅವನನ್ನು ಸುಮ್ಮನಿರಿಸಲು ನಾನು ಮಾಡಿದ ಯಾವ ಪ್ರಯತ್ನವೂ ಫಲಿಸಿರಲಿಲ್ಲವಾದ್ದರಿಂದ, ಈ ಒಂದು ವಿಷಯದಲ್ಲಿ ತಮಗೆ ವೈಯಕ್ತಿಕವಾಗಿ ಋಣಿಯಾಗಿದ್ದೇನೆ.

ಈಗ ಆ ಹಲಗೆ ಯಾರದೆಂಬುದನ್ನು ತಿಳಿಸಬೇಕು. ಅದು ಕೆ.ಆರ್. ಪುರದ ದೊಡ್ಡಮುನಿಯಮ್ಮನವರದು. ಅವರ ಮನೆಯ ಹಿಂದಿದ್ದ ಹಲಸಿನ ಮರವನ್ನು ರಸ್ತೆ ಅಗಲ ಮಾಡುವಾಗ ಕಡಿದರು. ದಿಮ್ಮಿಯನ್ನು ಲಾರಿಗೆ ಹಾಕಲು ಬಂದವರು, ಆ ಅಜ್ಜಿ ಅದರ ಮೇಲೆ ಎಲೆಅಡಿಕೆ ಡಬ್ಬಿ ಸಮೇತ ಕುಳಿತಿರುವುದನ್ನು ಕಂಡು, ಏಳುತ್ತಾರೇನೋ ಎಂದು ಸಂಜೆಯವರೆಗೆ ಕಾದು, ಕೊನೆಗೆ ಬರಿಗೈಲಿ ಹೋದರು. ಆ ದಿಮ್ಮಿಯನ್ನು ಕೊಯ್ಯಿಸಿದಾಗ ಹುಳುಕಿಲ್ಲದೆ ಸಿಕ್ಕಿದ್ದು ಅದೊಂದೇ ದಪ್ಪನೆಯ ಹಲಗೆ. ಅದನ್ನು ವರ್ಷಾನುಗಟ್ಟಲೆ ಮಂಚದ ಕೆಳಗೆ ಒಣಗಿಸಿ, ಇಬ್ಬರು ಆರಾಮಾಗಿ ಕೂರುವಂಥ ಉಯ್ಯಾಲೆ ಮಾಡಿಕೊಡಿ ಎಂದು ನಮ್ಮ ಕೈಗೆ ಒಪ್ಪಿಸಿದ್ದರು. ಅಂಥ ಇನ್ನೊಂದು ಹಲಗೆ ಲೋಕದಲ್ಲಿಲ್ಲ, ಏಕೆಂದರೆ ಆ ಮರವೇ ಇಲ್ಲ.

ಮೇಲ್ಮೈ ಸಮವಾದರೆ ಸಾಕಾಗಿತ್ತು, ಮಾನ್ಯರೇ. ಸಮವಾಯಿತು. ಆಮೇಲೆ ಕಲೀಮುಲ್ಲಾ ‘ಇನ್ನೊಂದೇ ಒಂದು’ ಎಂದ. ಅವನದಾದ ಮೇಲೆ ನನ್ನದೊಂದು ಆಗದಿದ್ದರೆ ಪಾಲುದಾರಿಕೆಗೆ ಅರ್ಥವೇನು? ಮಳೆಗಾಲಕ್ಕೆ ಉಬ್ಬಿ ಮುಚ್ಚಿಕೊಳ್ಳದ ಬಚ್ಚಲುಮನೆ ಬಾಗಿಲುಗಳನ್ನು ಹೊತ್ತುಕೊಂಡು ಬಂದ ಬೀದಿಯವರು, ತಮ್ಮ ಬಾಗಿಲು ಆದ ಮೇಲೂ ಹೋಗದೆ, ಈ ಹಲಗೆಯ ಮೇಲೂ ಒಮ್ಮೆ ತಳ್ಳಿ ನೋಡುತ್ತೇವೆಂದರು. ಬಂದವರಿಗೆ ಇಲ್ಲವೆನ್ನುವುದು ಮರ್ಫಿ ಟೌನಿನ ಪದ್ಧತಿಯಲ್ಲ. ಇಸ್ತ್ರಿ ಗಾಡಿಯವರ ಹೆಂಡತಿ ತಳ್ಳಿದರು. ಬಾಗಿಲೇ ಇಲ್ಲದವರೊಬ್ಬರು ಚಪಾತಿ ಮಣೆ ಹಿಡಿದುಕೊಂಡು ಬಂದರು. ನಾನು ಒಂದು ಸುರುಳಿಯನ್ನು ಮನೆಗೆ ಒಯ್ದು ನನ್ನ ಹೆಂಡತಿ ಮೋನಿಷಾಳ ಜಡೆಗೆ ಮುಡಿಸಿದೆ; ಅವಳು ಬೇಡವೆನ್ನಲಿಲ್ಲ. ಇಡೀ ವಾರ ನಮ್ಮ ಬೀದಿ ಹಲಸಿನ ಹಣ್ಣು ಬಿಡಿಸಿದ ಮನೆಯಂತೆ ಘಮಘಮಿಸುತ್ತಿತ್ತು.

ಮೋನಿಷಾ ಇಂದಿರಾನಗರದ ಬಟ್ಟೆ ಅಂಗಡಿಯೊಂದರಲ್ಲಿ ಅಳತೆ ತೆಗೆಯುವವಳು. ಶನಿವಾರ ಊಟದ ಡಬ್ಬಿ ತಂದವಳು ಹಲಗೆಯ ಅಂಚನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು, “ರೀ, ಇದೇನು ಉಯ್ಯಾಲೆನಾ, ಹಪ್ಪಳಾನಾ?” ಎಂದಳು. ಆಗಲೇ ನಮಗೆ ಎಚ್ಚರವಾದದ್ದು. ಇಬ್ಬರಿರಲಿ, ಆ ಹಲಗೆಯ ಮೇಲೆ ಈಗ ಒಂದು ಬೆಕ್ಕು ಕೂತರೂ ಯೋಚಿಸಿ ಕೂರಬೇಕಿತ್ತು. ಕಲೀಮುಲ್ಲಾ ಜುಬ್ಬಾದ ತುದಿಯಿಂದ ಮುಖ ಒರೆಸಿಕೊಂಡ. ಆ ಅಜ್ಜಿ ಲಾರಿಯವರ ಎದುರು ಕೂತು ಉಳಿಸಿಕೊಂಡ ಮರವನ್ನು ನಾವು ನಗುನಗುತ್ತಾ ಚೀಲಕ್ಕೆ ತುಂಬಿದ್ದೆವು.

ಡಬ್ಬಿಯ ಊಟದ ಬಿಸಿ ಆರುವ ಮುನ್ನವೇ ಆಟೋ ಬಂದು ನಿಂತು, ದೊಡ್ಡಮುನಿಯಮ್ಮ ಇಳಿದರು. “ಏನ್ರಪ್ಪಾ, ಎಲ್ಲಿ ನನ್ ಹಲಸಿನ್ ಹಲಗೆ?” ಎಂದದ್ದಕ್ಕೆ ಕಲೀಮುಲ್ಲಾ, ಸತ್ಯ ಹೇಳಿಬಿಡುವುದೇ ಲೇಸೆಂದು, “ಅರ್ಧ ಇಲ್ಲೈತೆ ಅಮ್ಮಾ, ಅರ್ಧ ಆ ಗೋಣಿಚೀಲದಾಗೈತೆ” ಎಂದ. ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ನಮಗೆ ಸುಲಭವಾಗುತ್ತಿತ್ತು. ಹಲಗೆಯ ಬಳಿ ಬಂದು ಅಂಗೈಯನ್ನು ಅದರ ಮೇಲೆ ಉದ್ದಕ್ಕೂ ಸವರಿದರು. ಮತ್ತೆ ಸವರಿದರು. “ಮೈಯೆಲ್ಲಾ ತರಿ, ಹಣ್ಣೆಲ್ಲಾ ಮುಳ್ಳು. ಚಿಕ್ಕೋಳಿದ್ದಾಗ ಹತ್ತಿ ಹತ್ತಿ ಮಂಡಿ ತರಚ್ಕೊಂಡಿದ್ದೀನಿ. ಒಳಗೆ ಇಷ್ಟು ನುಣ್ಣಗಿತ್ತಾ ಇದು?” ಎಂದು ಯಾರನ್ನೂ ನೋಡದೆ ಕೇಳಿದರು. ನಾವು ಉತ್ತರ ಹೇಳುವ ಮೊದಲೇ ಸೆರಗು ಸೊಂಟಕ್ಕೆ ಸಿಕ್ಕಿಸಿ, “ಕೊಡಿಲ್ಲಿ ಅದನ್ನ” ಎಂದು ತಮ್ಮ ಉಜ್ಜುಗೊರಡನ್ನು ಎತ್ತಿಕೊಂಡು ತಳ್ಳಿದರು. ಸುರುಳಿ ಎದ್ದಿತು. ಅವರು ಶಾಲೆಯ ಹುಡುಗಿಯಂತೆ ಕಿಸಕ್ಕೆಂದು ನಕ್ಕು “ಇನ್ನೊಂದು” ಎಂದಾಗ, ಉಳಿದ ಹಲಗೆಯನ್ನು ಕಾಪಾಡಲು ಮೋನಿಷಾ ಅದರ ಮೇಲೆ ಊಟದ ಡಬ್ಬಿ ಇಡಬೇಕಾಯಿತು.

ಉಪಾಯ ಹೊಳೆದದ್ದು ಕಲೀಮುಲ್ಲಾನಿಗೆ. ಹಲಗೆಯನ್ನು ನಡುವೆ ಅಡ್ಡಕ್ಕೆ ಕೊಯ್ದು, ಒಂದರ ಮೇಲೊಂದಿಟ್ಟು ಅಂಟು ಹಾಕಿ ಮರದ ಗೂಟ ಜಡಿದರೆ ದಪ್ಪ ಮರಳಿ ಬರುತ್ತದೆ. ಆದರೆ ಉದ್ದ ಅರ್ಧವಾಗುತ್ತದೆ, ಒಬ್ಬರೇ ಕೂರಬಹುದು. ಇದನ್ನು ಅವನು ಎಷ್ಟು ಹೆದರಿ ಹೇಳಿದನೆಂದರೆ ವಾಕ್ಯದ ಕೊನೆ ನಮಗಾರಿಗೂ ಕೇಳಿಸಲಿಲ್ಲ. ಆದರೆ ಅಜ್ಜಿಗೆ ಕೇಳಿಸಿತು. “ಒಬ್ರೇನಾ?” ಎಂದರು. ಆಮೇಲೆ ಅವರ ಮುಖ ನಿಧಾನವಾಗಿ ಅರಳಿತು. “ಒಳ್ಳೇದೇ ಆಯ್ತು ಬಿಡ್ರಪ್ಪಾ. ನಮ್ ತಂಗಿ ಗಂಗಲಕ್ಷ್ಮಮ್ಮ ಬಂದ್ರೆ ಕೂತಿದ್ ಜಾಗ ಬಿಟ್ಟು ಏಳೋದಿಲ್ಲ. ಇನ್ಮೇಲೆ ನಾನ್ ಕೂತ್ಕೊತೀನಿ, ಅವ್ಳು ತಳ್ಲಿ.”

ತಮ್ಮ ಉಜ್ಜುಗೊರಡಿನಿಂದ ನುಣುಪಾಗಿದ್ದ ಎರಡು ತುಂಡುಗಳು ನಡುವೆ ಉಗುರು ತೂರುವಷ್ಟು ಸಂದೂ ಇಲ್ಲದೆ ಒಂದಾದವೆಂದು ಒಪ್ಪಿಕೊಳ್ಳಲೇಬೇಕು. ಹಿತ್ತಾಳೆ ಸರಪಳಿ ಹಾಕಿ ಕೆ.ಆರ್. ಪುರದ ಜಗಲಿಯಲ್ಲಿ ತೂಗುಹಾಕಿದ ದಿನ, ನಾನೂ ಕಲೀಮುಲ್ಲಾನೂ ಒಟ್ಟಿಗೆ ಜೋತುಬಿದ್ದು ಪರೀಕ್ಷಿಸಿದೆವು, ಕಿರ್ರೆನ್ನಲಿಲ್ಲ. ದೊಡ್ಡಮುನಿಯಮ್ಮ ರೇಷ್ಮೆ ಸೀರೆಯುಟ್ಟು, ಮಹಾರಾಣಿಯಂತೆ ಕುಳಿತು, ತಂಗಿಗೆ ಕಣ್ಣಲ್ಲೇ ಅಪ್ಪಣೆ ಕೊಟ್ಟರು. ಗಂಗಲಕ್ಷ್ಮಮ್ಮ ಬಹುಕಾಲದ ಸಿಟ್ಟನ್ನೆಲ್ಲ ಸೇರಿಸಿ ತಳ್ಳಿದರು. ಉಯ್ಯಾಲೆ ಮುಂದಕ್ಕೆ ಹೋಯಿತು, ಹಿಂದಕ್ಕೆ ಬಂತು. ದೊಡ್ಡಮುನಿಯಮ್ಮ ಮಾತ್ರ ಹಿಂದಕ್ಕೆ ಬರಲಿಲ್ಲ. ತಮ್ಮ ಕಂಪನಿಯ ನುಣುಪಿನ ಮೇಲಿಂದ ತಟ್ಟೆಯ ಇಡ್ಲಿಯಂತೆ ಜಾರಿ, ಜಗಲಿಯ ಮೇಲಿದ್ದ ಹಾಸಿಗೆ ಸುರುಳಿಗೆ ಹೋಗಿ ಕೂತರು. ನಾವು ಅವರನ್ನು ಎತ್ತಲು ಓಡಿದೆವು. ಆಮೇಲೆ ಆ ಹಾಸಿಗೆಯ ಮೇಲಿಂದ, ಕಣ್ಣೀರು ಬರುವಷ್ಟು ನಗುತ್ತಾ, “ಇನ್ನೊಂದ್ಸಲ ತಳ್ಳೇ!” ಎಂಬ ದನಿ ಬಂತು. “ಏಳಕ್ಕಾ ಮೇಲೆ, ಈಗ ನನ್ ಸರದಿ” ಎಂದು ಗಂಗಲಕ್ಷ್ಮಮ್ಮ ಆಗಲೇ ಸೆರಗು ಬಿಗಿಯುತ್ತಿದ್ದರು.

ಆದ್ದರಿಂದ ಮಾನ್ಯರೇ, ಕೂರುವವರಿಗೆ ಅಗತ್ಯವಿರುವುದಕ್ಕಿಂತ ಹೆಚ್ಚಿನ ನುಣುಪನ್ನು ಸರಬರಾಜು ಮಾಡಿದ್ದಕ್ಕಾಗಿ ತಾವು ಕೂಡಲೇ ಕ್ರಮ ಕೈಗೊಂಡು, ಉಜ್ಜಿದ ಮರಕ್ಕೆ ಒಂದಿಷ್ಟು ತರಿಯನ್ನು ಮರಳಿ ಹಚ್ಚುವ ಉಪಕರಣವನ್ನೂ, ‘ಇನ್ನೊಂದೇ ಒಂದು’ ಎಂಬ ಮಾತು ಕಿವಿಗೆ ಬಿದ್ದೊಡನೆ ತಾನಾಗಿಯೇ ಮೊಂಡಾಗುವ ಅಲಗನ್ನೂ, ಗೋಣಿಚೀಲದಲ್ಲಿರುವ ಸುರುಳಿಗಳನ್ನು ಮತ್ತೆ ಹಲಗೆಗೆ ಸೇರಿಸುವ ವಿಧಾನವನ್ನೂ ಕಂಡುಹಿಡಿದು ಕಳಿಸಿಕೊಡಬೇಕೆಂದು ಕೋರುತ್ತೇನೆ. ಉಜ್ಜುಗೊರಡನ್ನು ಹಿಂದಿರುಗಿಸುವ ಪ್ರಶ್ನೆಯೇ ಇಲ್ಲ. ಕೇಳುವ ತೊಂದರೆ ತೆಗೆದುಕೊಳ್ಳಬೇಡಿ.

ಇಷ್ಟಾದರೂ ತಮ್ಮ ಮೇಲಿನ ನಂಬಿಕೆಯನ್ನು ಸಿಪ್ಪೆಯಷ್ಟೂ ಕಳೆದುಕೊಳ್ಳದ,
ತಮ್ಮ ವಿಶ್ವಾಸಿ,
ಸುಗತ
ಮರ್ಫಿ ಟೌನ್

ಮರೆತ ಮಾತು: ನಿನ್ನೆ ತಮ್ಮ ಪ್ರತಿನಿಧಿಯೊಬ್ಬರು ಫೋನು ಮಾಡಿ, ಮರ ಉಜ್ಜುವ ತಮ್ಮ ಹೊಸ ಕರೆಂಟಿನ ಮೆಷಿನ್ನಿಗೆ ಹಿಂದೆ ಒಂದು ಚೀಲವಿರುವುದರಿಂದ ಸಿಪ್ಪೆ ಕಣ್ಣಿಗೇ ಬೀಳುವುದಿಲ್ಲವೆಂದು ಬಹಳ ಹೆಮ್ಮೆಯಿಂದ ಹೇಳಿದರು. ಪಾಪ, ಒಳ್ಳೆಯವರಂತೆ ಕಾಣುತ್ತಾರೆ. ತಾವು ತಯಾರಿಸುವ ಉಜ್ಜುಗೊರಡನ್ನು ಅವರ ಕೈಗೆ ಒಮ್ಮೆಯಾದರೂ ಕೊಟ್ಟು ನೋಡಿ.