ಕೆಲಸಕ್ಕೆ ಹೋಗದ ಚಿಕ್ಕಮ್ಮನಿಗೆ ಬಿಡುವೇ ಇಲ್ಲ

ನಮ್ಮ ಚಿಕ್ಕಮ್ಮನ ಜೊತೆ ಜಯನಗರದ ಮಾರ್ಕೆಟ್ಟಿಗೆ ಹೋಗಿ ಕೊತ್ತಂಬರಿ ಸೊಪ್ಪು ತರುವುದಕ್ಕಿಂತ ಕಾಶಿಗೆ ಹೋಗಿ ಗಂಗೆ ತರುವುದು ಬೇಗ ಮುಗಿಯುತ್ತದೆ. ಇದು ಉತ್ಪ್ರೇಕ್ಷೆ ಎನ್ನುವವರು ಒಮ್ಮೆ ಅವಳ ಚೀಲ ಹಿಡಿದು ಹಿಂದೆ ನಿಂತು ನೋಡಬೇಕು. ಸೊಪ್ಪಿನವಳು ಬೆಲೆ ಹೇಳುವ ಮೊದಲೇ ಚಿಕ್ಕಮ್ಮ ಅವಳ ಊರು ಕೇಳಿರುತ್ತಾಳೆ. ಊರಾದ ಮೇಲೆ ಗಂಡ, ಗಂಡನಾದ ಮೇಲೆ ಅತ್ತೆ. ಅತ್ತೆಯ ವಿಷಯ ಬರುವ ಹೊತ್ತಿಗೆ ಇಬ್ಬರೂ ಕುಕ್ಕರುಗಾಲಿನಲ್ಲಿ ಕೂತಿರುತ್ತಾರೆ. ಮನೆಗೆ ಬಂದಾಗ ನಮ್ಮ ಬಳಿ ಒಂದು ಸಂಸಾರದ ಸಮಗ್ರ ಕಥೆ ಇರುತ್ತದೆ, ಕೊತ್ತಂಬರಿ ಇರುವುದಿಲ್ಲ!

ಚಿಕ್ಕಮ್ಮ ಎಂದರೆ ನನ್ನ ಅಮ್ಮನ ಒಬ್ಬಳೇ ತಂಗಿ. ತ್ಯಾಗರಾಜನಗರದ ನಮ್ಮ ಮನೆಯ ಮಹಡಿಯಲ್ಲಿ ಅವಳ ವಾಸ. ಮದುವೆಯಾಗಲಿಲ್ಲ. "ಕೇಳಿದ್ದಕ್ಕೆ ನೇರವಾಗಿ ಉತ್ತರ ಕೊಟ್ಟ ಗಂಡು ಒಬ್ಬನೂ ಸಿಗ್ಲಿಲ್ಲ" ಎಂಬುದು ಅವಳು ಕೊಡುವ ಕಾರಣ. ಒಂದು ಕಾಲಕ್ಕೆ ಪತ್ರಿಕೆಯೊಂದರಲ್ಲಿ ನೌಕರಿಯಲ್ಲಿದ್ದಳು. ಒಮ್ಮೆ ಜಾಹೀರಾತಿಗೆ ಜಾಗ ಸಾಲದೆಂದು ಅವಳ ವರದಿಯ ಕೊನೆಯ ವಾಕ್ಯವನ್ನು ಕತ್ತರಿಸಿದರು. ಚಿಕ್ಕಮ್ಮ ಅದೇ ವಾಕ್ಯವನ್ನು ಒಂದು ಹಾಳೆಯ ಮೇಲೆ ಬರೆದು, ಸಹಿ ಹಾಕಿ, ಸಂಪಾದಕರ ಮೇಜಿನ ಮೇಲಿಟ್ಟು ಮನೆಗೆ ಬಂದಳು. ವಾಕ್ಯ ಬನಶಂಕರಿಯ ಒಂದು ಚರಂಡಿಯನ್ನು ಕುರಿತದ್ದಾದ್ದರಿಂದ, ಅದು ರಾಜೀನಾಮೆ ಎಂದು ತಿಳಿಯಲು ಅವರಿಗೆ ಒಂದು ವಾರ ಬೇಕಾಯಿತಂತೆ.

ಅಂದಿನಿಂದ ಅವಳು ಫ್ರೀಲ್ಯಾನ್ಸ್ ಪತ್ರಕರ್ತೆ. ಆಗಿನ್ನೂ ಬದುಕಿದ್ದ ಅಜ್ಜಿ, "ಹಾಗಂದ್ರೆ ಏನೇ?" ಎಂದು ಕೇಳಿದಳು. ಯಾರ ಕೈಕೆಳಗೂ ಇರಬೇಕಿಲ್ಲ, ಇಷ್ಟವಾದದ್ದನ್ನು ಬರೆಯಬಹುದು, ಬೇಕಾದ ಪತ್ರಿಕೆಗೆ ಕೊಡಬಹುದು ಎಂದು ಚಿಕ್ಕಮ್ಮ ಬಿಡಿಸಿ ಹೇಳಿದಳು. ಅಜ್ಜಿ ಎಲ್ಲವನ್ನೂ ಸಾವಧಾನವಾಗಿ ಕೇಳಿಸಿಕೊಂಡು, "ಫ್ರೀ ಅನ್ನೋದು ಅರ್ಥ ಆಯ್ತು. ಆ ಲ್ಯಾನ್ಸು ಯಾವಾಗ ಕೊಡ್ತಾರೆ?" ಎಂದಳು.

ಅಮ್ಮನಿಗೆ ಇಷ್ಟೆಲ್ಲ ವಿವರಣೆಯ ತಾಳ್ಮೆ ಇರಲಿಲ್ಲ. ನೆಂಟರು ಕೇಳಿದರೆ, "ನನ್ನ ತಂಗಿ ಟೀಚರ್" ಎಂದುಬಿಡುತ್ತಿದ್ದಳು. ಯಾವ ಸ್ಕೂಲು ಎಂದರೆ, "ಟ್ರಾನ್ಸ್‌ಫರ್ ಆಗ್ತಾನೇ ಇರುತ್ತೆ." ಅದೇನೂ ಪೂರ್ತಿ ಸುಳ್ಳಲ್ಲ. ಒಂದು ತಿಂಗಳು ಕೆರೆಗಳ ಬಗ್ಗೆ, ಇನ್ನೊಂದು ತಿಂಗಳು ಹಪ್ಪಳದ ಬಗ್ಗೆ ಬರೆಯುವವಳಿಗೆ ಬೇರೇನು ಹೇಳಬೇಕು?

ಹೊಟ್ಟೆಪಾಡಿಗಾಗಿ ಚಿಕ್ಕಮ್ಮ ಬೇರೆಯವರ ಆತ್ಮಕಥೆಗಳನ್ನೂ ಬರೆದುಕೊಡುತ್ತಿದ್ದಳು. ಕೋಣನಕುಂಟೆಯ ಕಡೆಯ ಒಬ್ಬ ಬಿಲ್ಡರ್ ಹೀಗೇ ಗಂಟುಬಿದ್ದರು.

"ಮೇಡಂ, ನಾನು ಬರಿಗಾಲಲ್ಲಿ ಸ್ಕೂಲಿಗೆ ಹೋಗ್ತಿದ್ದಿದ್ದು ಮೊದಲ್ನೇ ಚಾಪ್ಟರಲ್ಲೇ ಬಂದ್ಬಿಡ್ಬೇಕು."

"ಸ್ಕೂಲು ಎಷ್ಟು ದೂರ ಇತ್ತು ಸಾರ್?"

"ಈಗ ದೂರದ ಮಾತ್ಯಾಕೆ ಬಿಡಿ ಮೇಡಂ."

ಚಿಕ್ಕಮ್ಮ ಬಿಡುವವಳೇ? ಬಸ್ಸು ಹತ್ತಿ ಅವರ ಹುಟ್ಟೂರಿಗೇ ಹೋಗಿ ನೋಡಿ ಬಂದಳು. ಶಾಲೆ ಅವರ ಮನೆಯ ಹಿತ್ತಲಿಗೆ ಅಂಟಿಕೊಂಡಿತ್ತು. ಆತ್ಮಕಥೆ ಹೀಗೆ ಶುರುವಾಯಿತು: "ಹಿತ್ತಲ ಬಾಗಿಲು ತೆರೆದು, ಬರಿಗಾಲಿನಲ್ಲೇ, ನಾನು ಶಾಲೆ ಸೇರುತ್ತಿದ್ದೆ." ಪುಸ್ತಕ ಅಲ್ಲಿಗೇ ನಿಂತಿತು. "ಅವರ ಬರಿಗಾಲಿಗೆ ನಾನೇನೂ ಚಪ್ಪಲಿ ತೊಡಿಸ್ಲಿಲ್ವಲ್ಲ" ಎಂದು ಚಿಕ್ಕಮ್ಮನಿಗೆ ನಿಜವಾಗಿಯೂ ಆಶ್ಚರ್ಯ.

ಸಾಲ ಬೇಕೇ ಎಂದು ಫೋನ್ ಮಾಡುವವರನ್ನು ನಾವೆಲ್ಲ ಏನು ಮಾಡುತ್ತೇವೆ? ಚಿಕ್ಕಮ್ಮ ಸಂದರ್ಶನ ಮಾಡುತ್ತಾಳೆ. ಒಮ್ಮೆ ಫೋನ್ ಮಾಡಿದವನು ಗದಗದ ಕಡೆಯ ಹುಡುಗ, ಹೊಸದಾಗಿ ಮದುವೆಯಾಗಿ ಬಿಟಿಎಂ ಲೇಔಟಿನಲ್ಲಿ ಬಾಡಿಗೆಗಿದ್ದವನು. ಮನೆ, ಹೆಂಡತಿ, ಊರಲ್ಲಿ ಸಾಕಿದ ಅಜ್ಜಿ ಎಲ್ಲ ಆಗುವ ಹೊತ್ತಿಗೆ ಪಾಪ ಅವನ ಗಂಟಲು ಒಣಗಿತ್ತು. ಸ್ಪೀಕರಿನಲ್ಲಿ ನಮಗೂ ಕೇಳುತ್ತಿತ್ತು.

"ಮೇಡಂ, ಲೋನ್ ಬೇಕೋ ಬ್ಯಾಡೋ ಅದೊಂದ್ ಹೇಳ್ರಿ. ನಮ್ಮ ಮ್ಯಾನೇಜರ್ ನನ್ ಮಾರಿನ ನೋಡಾಕತ್ಯಾರ್ರಿ."

"ಬೇಡಪ್ಪ. ಅದಿರ್ಲಿ, ನಿಮ್ಮಜ್ಜಿ ಆಮೇಲೆ ಏನಂದ್ರು?"

ಸಂಕ್ರಾಂತಿಯ ದಿನ ಗಂಡ ಹೆಂಡತಿ ಇಬ್ಬರೂ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಮನೆ ಹುಡುಕಿಕೊಂಡು ಬಂದರು. ಅಮ್ಮ ಹೋಳಿಗೆ ಮುರಿಯುತ್ತಾ, "ಸಾಲ ತಗೊಳ್ದೇನೇ ಇಷ್ಟು ಬಡ್ಡಿ ಬರುತ್ತೆ ಅಂತ ಗೊತ್ತಿರ್ಲಿಲ್ಲ" ಎಂದಳು.

ಅಮ್ಮನ ಮಾತೇ ಹಾಗೆ. ಚಿಕ್ಕಮ್ಮ ಪುಟಗಟ್ಟಲೆ ಬರೆದು ಹೇಳುವುದನ್ನು ಅಮ್ಮ ಒಗ್ಗರಣೆ ಹಾಕುವಷ್ಟರಲ್ಲಿ ಹೇಳಿ ಮುಗಿಸುತ್ತಿದ್ದಳು. ರವಿಕೆ ಹೊಲಿಯುವ ಟೈಲರುಗಳ ಮೇಲೆ ಚಿಕ್ಕಮ್ಮ ಪುಸ್ತಕ ಬರೆಯಲು ಹೊರಟಾಗಲೂ ಅಷ್ಟೆ. ಸುಮ್ಮನೆ ಹೋದರೆ ಟೈಲರುಗಳು ಮಾತಾಡುವುದಿಲ್ಲ, ಬಟ್ಟೆ ಎಲ್ಲಿ ಎನ್ನುತ್ತಾರೆ. ಹಾಗಾಗಿ ಶ್ರೀನಗರದಿಂದ ಜೆ.ಪಿ. ನಗರದವರೆಗೆ ಹೋದ ಅಂಗಡಿಯಲ್ಲೆಲ್ಲ ಒಂದೊಂದು ರವಿಕೆ ಹೊಲಿಯಲು ಕೊಟ್ಟಳು. ಬೀರು ತುಂಬಿತು. ಒಂದರ ಅಳತೆ ಇನ್ನೊಂದಕ್ಕಿಲ್ಲ. ಅಮ್ಮ ರಾಶಿಯನ್ನು ನೋಡಿ, "ಮುಂದಿನ ಪುಸ್ತಕ ಒಡವೆ ಅಂಗಡಿಯವ್ರ ಮೇಲೆ ಬರಿಯೇ" ಎಂದಳು.

ಪುಸ್ತಕ ಬಿಡುಗಡೆಗೆ ಟೈಲರುಗಳೆಲ್ಲ ಬಂದು ಮುಂದಿನ ಸಾಲಿನಲ್ಲೇ ಕೂತರು. ಅತಿಥಿಗಳ ಭಾಷಣ ಅವರ ಕಿವಿಗೆ ಬಿದ್ದಂತಿರಲಿಲ್ಲ, ಎಲ್ಲರ ಕಣ್ಣೂ ಚಿಕ್ಕಮ್ಮನ ರವಿಕೆಯ ಮೇಲೆ. ವಂದನೆ ಹೇಳಲು ಅವಳು ಕೈಯೆತ್ತಿದಾಗ ತೋಳು ಎಳೆದು ಸುಕ್ಕಾಯಿತು. ಒಬ್ಬರು ಪಕ್ಕದವರಿಗೆ ಎಲ್ಲರಿಗೂ ಕೇಳುವಂತೆ, "ಅದು ನಂದಲ್ಲ" ಎಂದರು.

ಕಳೆದ ವರ್ಷ ಅಮ್ಮನಿಗೆ ಸ್ಟ್ರೋಕ್ ಆಯಿತು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಎದ್ದು ಕೂರುವಷ್ಟಾದಳು, ಎಡಗೈಯಲ್ಲಿ ಊಟ ಮಾಡುವಷ್ಟಾದಳು. ಆದರೆ ಮಾತು ಬರಲಿಲ್ಲ. ಬರಬಹುದು, ಮಾತಾಡಿಸುತ್ತಿರಿ ಎಂದರು ಡಾಕ್ಟರು. ನಾವು ಸುತ್ತ ಕೂತು, "ಅಮ್ಮಾ, ನೀರು ಅನ್ನು, ನೀ... ರು" ಎಂದು ಮಗುವಿಗೆ ಹೇಳಿಕೊಟ್ಟಂತೆ ಹೇಳಿಕೊಟ್ಟೆವು. ಅಮ್ಮ ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು. ಬರಬರುತ್ತಾ ನಮ್ಮನ್ನು ಕಂಡರೆ ಕಣ್ಣೇ ಮುಚ್ಚತೊಡಗಿದಳು.

ಒಪ್ಪಿಕೊಂಡಿದ್ದ ಬರವಣಿಗೆಯನ್ನೆಲ್ಲ ಬದಿಗಿಟ್ಟು ಚಿಕ್ಕಮ್ಮ ದಿನಾ ಮಧ್ಯಾಹ್ನ ಕೆಳಗಿಳಿದು ಬರುತ್ತಿದ್ದಳು. ವಿಚಿತ್ರವೆಂದರೆ ಅವಳು ಅಮ್ಮನನ್ನು ಏನೊಂದೂ ಕೇಳುತ್ತಿರಲಿಲ್ಲ. ನಾನು ಕಾರಣ ಕೇಳಿದೆ.

"ಕೇಳಿದಷ್ಟೂ ಬಾಯಿ ಮುಚ್ಕೊಳ್ಳೋರು ಇರ್ತಾರೆ ಕಣೆ" ಎಂದಳು ತಗ್ಗಿದ ದನಿಯಲ್ಲಿ. "ಅಂಥವ್ರ ಮುಂದೆ ಏನಾದ್ರೂ ತಪ್ಪು ಹೇಳ್ಬೇಕು. ತಿದ್ದದೆ ಇರಕ್ಕಾಗಲ್ಲ ಅವ್ರಿಗೆ."

ಹಾಗೆ ಚಿಕ್ಕಮ್ಮ ಅಮ್ಮನ ಪಕ್ಕ ಕೂತು ಸುಳ್ಳು ಹೇಳತೊಡಗಿದಳು. ಬಿಸಿಬೇಳೆ ಬಾತಿಗೆ ಹುಣಸೆಹಣ್ಣು ದಂಡ ಎಂದಳು. ಅಮ್ಮನ ಹುಬ್ಬು ಗಂಟಿಕ್ಕಿತು. "ಭಾವ ನಿನ್ನ ನೋಡಕ್ಕೆ ಬಂದ ದಿನ ಮೊದ್ಲು ಕಣ್ಣು ಹಾಕಿದ್ದು ನನ್ ಮೇಲೆ" ಎಂದಳು. ಅಪ್ಪ ಗಾಬರಿಯಾಗಿ ಪೇಪರ್ ಕೆಳಗಿಟ್ಟರು. ಅಮ್ಮನ ತುಟಿ ಅಲುಗಿತು, ಅಷ್ಟೆ. ವಾರಗಳು ಹೋದವು. ಚಿಕ್ಕಮ್ಮನ ಸುಳ್ಳುಗಳೂ ಮುಗಿಯುತ್ತಾ ಬಂದವು.

ಒಂದು ಮಧ್ಯಾಹ್ನ ನಾನು ಅಡುಗೆಮನೆಯಲ್ಲಿ ಗಂಜಿ ತಿರುವುತ್ತಿದ್ದೆ. ನಡುಮನೆಯಲ್ಲಿ ಚಿಕ್ಕಮ್ಮ ಅಮ್ಮನ ತಲೆ ಬಾಚುತ್ತಾ ಎಂದಿನಂತೆ ಹೇಳುತ್ತಿದ್ದಳು. "ನಾನು ಮಗು ಆಗಿದ್ದಾಗ ನೀನು ಒಂದಿನಾನೂ ನನ್ನ ಎತ್ಕೊಳ್ಲಿಲ್ಲ ಬಿಡು ಅಕ್ಕ. ಎಲ್ಲಾ ಅಮ್ಮನೇ ಎತ್ಕೊಂಡು ಓಡಾಡಿದ್ದು."

"ಸು... ಸುಳ್ಳು."

ನಾನು ಸೌಟು ಹಿಡಿದೇ ಓಡಿ ಬಂದೆ. ಚಿಕ್ಕಮ್ಮ ಬಾಗಿಲಲ್ಲೇ ನಿಲ್ಲು ಎಂಬಂತೆ ಕೈ ತೋರಿಸಿದಳು. ಮುಂದೆ ಬಂದು ಅಮ್ಮನ ಎದುರು ನೆಲದ ಮೇಲೆ ಕೂತು, ಅಷ್ಟು ದಿನಗಳಲ್ಲಿ ಮೊದಲ ಸಲ ಕೇಳಿದಳು.

"ಮತ್ತೆ ನಿಜ ಏನಕ್ಕ?"

ಅಮ್ಮ ತುಂಬಾ ಹೊತ್ತು ಮಾತಿಗಾಗಿ ತಡಕಾಡಿದಳು. ನಮ್ಮಲ್ಲಿ ಯಾರೂ ಹೇಳಿಕೊಡಲಿಲ್ಲ. ಕೊನೆಗೆ ಎಡಗೈಯಿಂದ ತನ್ನ ಸೊಂಟವನ್ನು ಮೆಲ್ಲಗೆ ತಟ್ಟಿಕೊಂಡಳು.

"ಇಲ್ಲಿ" ಎಂದಳು. "ದಿನಾ."